ಪ್ರಯಾಣದ ಕ್ರೆಡಿಟ್ ಕಾರ್ಡ್: ಕಟ್ಟಿದ ಫೀಸು ಹುಟ್ಟುತ್ತಾ?

ದಾವಣಗೆರೆ ಹತ್ತಿರದ ಕುಕ್ಕುವಾಡದಿಂದ ಆಗಾಗ ಬೆಂಗಳೂರಿಗೆ ಓಡಾಡ್ತೀರಾ? "ಟ್ರಾವೆಲ್ ಕಾರ್ಡ್ ತಗೊಳ್ಳಿ ಸಾರ್, ವರ್ಷಕ್ಕೆ ಬರೀ ಐನೂರು" ಅಂತ ಫೋನ್ ಬಂತಾ? ಹೂಂ ಅನ್ನೋಕೆ ಮುಂಚೆ ಈ ಲೆಕ್ಕ ನೋಡಿ.

ಒಂದು, ಫೀಸು. 500 ರೂಪಾಯಿಗೆ ಶೇಕಡ 18 ಜಿಎಸ್‌ಟಿ ಸೇರಿದ್ರೆ 590. ಕಾರ್ಡ್ ನೂರಕ್ಕೆ ಎರಡು ರೂಪಾಯಿ ವಾಪಸ್ ಕೊಟ್ರೆ, ಆ ಫೀಸು ಹುಟ್ಟೋಕೇ 29,500 ರೂಪಾಯಿ ಖರ್ಚು ಮಾಡಬೇಕು. ಲಾಭ ಏನಿದ್ರೂ ಆಮೇಲೆ.

ಎರಡು, ನಿಮ್ಮ ದಾರಿ. ದಾವಣಗೆರೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಏರ್‌ಪೋರ್ಟ್ ಲೌಂಜ್ ಆಸೆಗೆ ದುಡ್ಡು ಸುರೀಬೇಡಿ. ದಾವಣಗೆರೆ, ಹರಿಹರದಲ್ಲಿ ರೈಲು ಹತ್ತೋರಿಗೆ ಐಆರ್‌ಸಿಟಿಸಿ ಹೆಸರಿನ ಕಾರ್ಡ್‌ಗಳಿವೆ. ಆದ್ರೆ ಜಾಸ್ತಿ ಪಾಯಿಂಟ್ ಸಿಗೋದು ಹೆಚ್ಚಾಗಿ ಎಸಿ, ಚೇರ್ ಕಾರ್ ಟಿಕೆಟ್‌ಗೆ. ದಾವಣಗೆರೆಯಲ್ಲಿ ನಿಲ್ಲೋ ವಂದೇ ಭಾರತ್‌ನಲ್ಲಿ ಹೋಗೋರಿಗೆ ಸರಿ. ಜನರಲ್ ಬೋಗಿ, ಕೆಂಪು ಬಸ್ಸಿನೋರಿಗೆ ಅಷ್ಟು ಗಿಟ್ಟಲ್ಲ.

ಮೂರು, ಬಡ್ಡಿ. ಪೂರ್ತಿ ಬಿಲ್ ಬಿಟ್ಟು 'ಮಿನಿಮಮ್ ಡ್ಯೂ' ಮಾತ್ರ ಕಟ್ಟಿದ್ರೆ ತಿಂಗಳಿಗೆ ಶೇಕಡ ಮೂರಕ್ಕೂ ಮೇಲೆ ಬಡ್ಡಿ ಬೀಳಬಹುದು. ಕಬ್ಬಿನ ದುಡ್ಡು ಬಂದ್ಮೇಲೆ ಕಟ್ಟೋಣ ಅಂತ ಕೂತ್ರೆ, ಸೇರಿದ ಪಾಯಿಂಟೆಲ್ಲ ಬಡ್ಡಿಗೇ ಸರಿಹೋಯ್ತು.

ತಗೊಂಡ್ಮೇಲೆ ಕಾರ್ಡ್ ಬೇಡ ಅನ್ನಿಸ್ತಾ? ಬಾಕಿ ಪೂರ್ತಿ ತೀರಿಸಿ, ಮುಚ್ಚೋಕೆ ಹೇಳಿ. ಆರ್‌ಬಿಐ 2022ರಲ್ಲಿ ತಂದ ನಿಯಮದಂತೆ ಬ್ಯಾಂಕು ಏಳು ಕೆಲಸದ ದಿನದೊಳಗೆ ಮುಚ್ಚಬೇಕು. ತಡ ಮಾಡಿದ್ರೆ ದಿನಕ್ಕೆ 500 ರೂಪಾಯಿ ನಿಮಗೇ ಕೊಡಬೇಕು.

ಮೊದಲು ನಿಮ್ಮ ವರ್ಷದ ಟಿಕೆಟ್ ಖರ್ಚು ಬರೆದು ನೋಡಿ. ಬರೋ ಲಾಭ ಫೀಸಿಗಿಂತ ಜಾಸ್ತಿ ಇದ್ರೆ ಮಾತ್ರ ಅರ್ಜಿ ಹಾಕಿ.