ಮಲೆನಾಡಿನ ಆಸ್ಪತ್ರೆಗಳು: ಯಂತ್ರವಷ್ಟೇ ಸಾಲದು, ಅದನ್ನು ಬಲ್ಲ ಕೈಯೂ ಬೇಕು

ಮಳೆಗಾಲದ ಗಾಳಿಗೆ ಮರವೊಂದು ವಿದ್ಯುತ್ ತಂತಿಯ ಮೇಲೆ ಉರುಳಿದರೆ ಮೇಳಿಗೆಯಂತಹ ಊರುಗಳಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕತ್ತಲೆ ಕವಿಯುತ್ತದೆ. ಮನೆಯಲ್ಲಾದರೆ ದೀಪ ಹಚ್ಚಿಕೊಂಡು ಕಾಯಬಹುದು. ಆದರೆ ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆ, ನವಜಾತ ಶಿಶುವನ್ನು ಬೆಚ್ಚಗಿಡುವ ಯಂತ್ರ, ಶಸ್ತ್ರಚಿಕಿತ್ಸಾ ಕೊಠಡಿ ಮತ್ತು ಲಸಿಕೆಯ ಶೀತಕಗಳು ಕಾಯಲಾರವು. ತೀರ್ಥಹಳ್ಳಿಯಲ್ಲಿ ಚಿಕಿತ್ಸೆ ದೊರೆಯದಿದ್ದರೆ ರೋಗಿಯನ್ನು ಸುಮಾರು 60 ಕಿ.ಮೀ. ದೂರದ ಶಿವಮೊಗ್ಗಕ್ಕೋ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ಒಯ್ಯಬೇಕು. ಆದ್ದರಿಂದ ಆಸ್ಪತ್ರೆಯ ಸೌಲಭ್ಯಗಳ ನಿರ್ವಹಣೆ ಎಂಬುದು ಇಲ್ಲಿ ಕೇವಲ ಕಚೇರಿಯ ಕಡತದ ವಿಷಯವಲ್ಲ, ಜೀವದ ಪ್ರಶ್ನೆ.

ವಿದ್ಯುತ್, ನೀರು, ಆಮ್ಲಜನಕ, ಉಪಕರಣ, ಸ್ವಚ್ಛತೆ, ತ್ಯಾಜ್ಯ ವಿಲೇವಾರಿ, ಅಗ್ನಿ ಸುರಕ್ಷತೆ ಇವೆಲ್ಲವೂ ಈ ನಿರ್ವಹಣೆಯ ಅಂಗಗಳು. ಇವು ಸರಿಯಾಗಿದ್ದಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ತಪ್ಪಿದಾಗ ಏನಾಗುತ್ತದೆ ಎಂಬುದನ್ನು ರಾಜ್ಯವು 2021ರ ಮೇ ತಿಂಗಳಲ್ಲಿ ಚಾಮರಾಜನಗರದಲ್ಲಿ ಕಂಡಿತು. ಕೋವಿಡ್ ಎರಡನೇ ಅಲೆಯ ಆ ದಿನಗಳಲ್ಲಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ 24 ಗಂಟೆಗಳೊಳಗೆ 24 ರೋಗಿಗಳು ಅಸುನೀಗಿದರು. ಮೇ 2ರ ರಾತ್ರಿ ಕೆಲವು ತಾಸು ಆಸ್ಪತ್ರೆಯಲ್ಲಿ ಆಮ್ಲಜನಕವೇ ಇರಲಿಲ್ಲವೆಂದು ಹೈಕೋರ್ಟ್ ನಿರ್ದೇಶನದಂತೆ ರಚನೆಯಾದ ಸಮಿತಿ ತಿಳಿಸಿತು. ಸಿಲಿಂಡರುಗಳು ಮೈಸೂರಿನಿಂದ ಬರಬೇಕಾಗಿತ್ತು.

ಅದೇ ವರ್ಷ ದೇಶದಾದ್ಯಂತ 1,200ಕ್ಕೂ ಹೆಚ್ಚು ಪಿಎಸ್‌ಎ ಆಮ್ಲಜನಕ ಘಟಕಗಳಿಗೆ ಪಿಎಂ ಕೇರ್ಸ್ ನಿಧಿಯಿಂದ ಹಣ ದೊರೆಯಿತು. ಗಾಳಿಯನ್ನು ಒತ್ತಡದಲ್ಲಿ ಜಿಯೋಲೈಟ್ ಎಂಬ ಹರಳುಗಳ ಮೂಲಕ ಹಾಯಿಸಿದಾಗ ಸಾರಜನಕವು ಅದಕ್ಕೆ ಅಂಟಿಕೊಂಡು, ಸುಮಾರು ಶೇ. 93ರಷ್ಟು ಶುದ್ಧ ಆಮ್ಲಜನಕ ಹೊರಬರುತ್ತದೆ. ಆದರೆ ವಿದ್ಯುತ್ ಇಲ್ಲದೆ ಈ ಘಟಕ ನಡೆಯದು; ಶೋಧಕಗಳನ್ನು ಕಾಲಕಾಲಕ್ಕೆ ಬದಲಿಸಬೇಕು; ತೇವಾಂಶ ಒಳನುಗ್ಗಿದರೆ ಜಿಯೋಲೈಟ್ ಕೆಡುತ್ತದೆ. ಮಲೆನಾಡಿನ ಮಳೆಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಘಟಕ ನಿಂತಾಗ ಮೀಸಲು ಸಿಲಿಂಡರುಗಳ ಸಾಲಿಗೆ ಕೊಳವೆಯನ್ನು ತಿರುಗಿಸಲು ಬಲ್ಲವರು ರಾತ್ರಿ ಪಾಳಿಯಲ್ಲಿಯೂ ಇರಬೇಕು.

ಇದು ಆಮ್ಲಜನಕ ಘಟಕವೊಂದರ ಕಥೆಯಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ 29 ರಾಜ್ಯಗಳಲ್ಲಿ 7,56,750 ವೈದ್ಯಕೀಯ ಉಪಕರಣಗಳ ಲೆಕ್ಕ ತೆಗೆದಾಗ ರಾಜ್ಯದಿಂದ ರಾಜ್ಯಕ್ಕೆ ಶೇ. 13ರಿಂದ 34ರಷ್ಟು ಕೆಟ್ಟು ನಿಂತಿದ್ದವು. ಇದರಿಂದ 2015ರಲ್ಲಿ ಉಪಕರಣ ನಿರ್ವಹಣಾ ಯೋಜನೆ ರೂಪುಗೊಂಡಿತು. ವರ್ಷದ ಒಟ್ಟು ಅವಧಿಯಲ್ಲಿ ಜಿಲ್ಲಾಸ್ಪತ್ರೆಯ ಉಪಕರಣಗಳು ಶೇ. 95ರಷ್ಟು, ಸಮುದಾಯ ಆರೋಗ್ಯ ಕೇಂದ್ರದವು ಶೇ. 90ರಷ್ಟು, ಪ್ರಾಥಮಿಕ ಆರೋಗ್ಯ ಕೇಂದ್ರದವು ಶೇ. 80ರಷ್ಟು ಕಾಲ ಸುಸ್ಥಿತಿಯಲ್ಲಿರಬೇಕೆಂಬುದು ಅದರ ಗುರಿ. ಪ್ರತಿ ಉಪಕರಣಕ್ಕೂ ಸಂಖ್ಯೆ, ಕೆಟ್ಟೊಡನೆ ದೂರವಾಣಿ ಮೂಲಕ ದೂರು ದಾಖಲು, ದುರಸ್ತಿಯ ದಿನಾಂಕದ ದಾಖಲೆ ಇವು ತಂತ್ರಜ್ಞಾನ ತಂದುಕೊಟ್ಟ ಅನುಕೂಲಗಳು. ಆದರೆ ಯಂತ್ರ ಕೆಟ್ಟಿದೆಯೆಂದು ಮೊದಲು ಗುರುತಿಸಬೇಕಾದವರು ಅದರ ಬಳಿಯಿರುವ ಸಿಬ್ಬಂದಿಯೇ.

ತರಬೇತಿಯ ಬೆಲೆ ತಿಳಿಯುವುದು ಸಣ್ಣ ಸಂಗತಿಗಳಲ್ಲಿ. ವಿದ್ಯುತ್ ಹೋದಾಗ ಲಸಿಕೆಯ ಶೀತಕದ ಮುಚ್ಚಳ ತೆರೆಯದಿದ್ದರೆ ಅದರೊಳಗಿನ ಮಂಜುಗಡ್ಡೆಯ ಪದರವು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯವನ್ನು ತಾಸುಗಟ್ಟಲೆ ಕಾಪಾಡುತ್ತದೆ. ಆಟೋಕ್ಲೇವ್‌ನಲ್ಲಿ ಉಪಕರಣಗಳನ್ನು ಒತ್ತೊತ್ತಾಗಿ ತುಂಬಿದರೆ 121 ಡಿಗ್ರಿ ಉಗಿಯೂ ಒಳಗಿನವಕ್ಕೆ ತಲುಪುವುದಿಲ್ಲ. ಜನರೇಟರನ್ನು ಸುಮ್ಮನೆ ಚಾಲೂ ಮಾಡಿ ನಿಲ್ಲಿಸಿದರೆ ಸಾಲದು; ಆಸ್ಪತ್ರೆಯ ಹೊರೆಯನ್ನು ಅದರ ಮೇಲೆ ಹಾಕಿ ಪರೀಕ್ಷಿಸಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೋಂಕಿತ ತ್ಯಾಜ್ಯ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ಕೆಂಪು ಚೀಲಕ್ಕೆ, ಸೂಜಿಗಳು ಚುಚ್ಚಿ ತೂರದ ಬಿಳಿ ಡಬ್ಬಕ್ಕೆ, ಗಾಜು ನೀಲಿ ಗುರುತಿನ ಪೆಟ್ಟಿಗೆಗೆ ಸೇರಬೇಕು. ಚೀಲಕ್ಕೆ ಬಾರ್‌ಕೋಡ್ ಅಂಟಿಸಿದರೆ ಅದು ಎಲ್ಲಿಗೆ ಹೋಯಿತೆಂದು ತಿಳಿಯುತ್ತದೆ. ಸೂಜಿಯನ್ನು ತಪ್ಪು ಚೀಲಕ್ಕೆ ಹಾಕಿದ ಕೈಯನ್ನು ಅದು ತಡೆಯಲಾರದು. ಆ ಸೂಜಿ ಚುಚ್ಚುವುದು ಸ್ವಚ್ಛತಾ ಸಿಬ್ಬಂದಿಗೆ. ಆದ್ದರಿಂದಲೇ ಸಿಬ್ಬಂದಿಗೆ ಪ್ರತಿವರ್ಷ ತರಬೇತಿ ನೀಡಬೇಕೆಂದು ಅದೇ ನಿಯಮಗಳು ವಿಧಿಸಿವೆ.

ಈ ಕೆಲಸಗಳನ್ನು ಮಾಡುವವರಲ್ಲಿ ಹೊರಗುತ್ತಿಗೆಯ ನೌಕರರು ಬಹಳ. ಗುತ್ತಿಗೆ ಬದಲಾದಾಗ ಕಲಿತವರು ಹೊರಟುಹೋಗುತ್ತಾರೆ, ಕಲಿತದ್ದೂ ಅವರೊಡನೆ ಹೋಗುತ್ತದೆ. ಹೊಸಬರಿಗೆ ಮೊದಲ ದಿನವೇ ಕನ್ನಡದಲ್ಲಿ ಪ್ರಾತ್ಯಕ್ಷಿಕೆ, ಯಂತ್ರದ ಪಕ್ಕದಲ್ಲಿಯೇ ಚಿತ್ರಸಹಿತ ಸೂಚನಾ ಫಲಕ, ಮಳೆಗಾಲಕ್ಕೆ ಮುನ್ನ ಮೇ ತಿಂಗಳಲ್ಲಿ ಒಮ್ಮೆ ವಿದ್ಯುತ್ ಕಡಿತದ ಅಣಕು ಪ್ರಯೋಗ ಇವಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಮೊಬೈಲ್ ಸಂಕೇತ ಸಿಗದ ಊರುಗಳಲ್ಲಿ ಗಣಕದ ಜೊತೆಗೆ ಹಾಳೆಯ ದಾಖಲೆ ಪುಸ್ತಕವೂ ಇರಬೇಕು.

ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿವೆ. ಸಮಿತಿಯ ಸಭೆಯಲ್ಲಿ ಹೊಸ ಯಂತ್ರಕ್ಕೆ ಬೇಡಿಕೆ ಇಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬಹುದು: ಜನರೇಟರನ್ನು ಹೊರೆಯೊಡನೆ ಕೊನೆಯದಾಗಿ ಪರೀಕ್ಷಿಸಿದ್ದು ಯಾವಾಗ? ಕೆಟ್ಟಿರುವ ಉಪಕರಣಗಳು ಎಷ್ಟು, ಎಷ್ಟು ದಿನಗಳಿಂದ? ರಾತ್ರಿ ಪಾಳಿಯಲ್ಲಿ ಆಮ್ಲಜನಕದ ಹೊಣೆ ಯಾರದು? ಈ ಮೂರಕ್ಕೂ ತಡವರಿಸದೆ ಉತ್ತರ ಬಂದರೆ, ಮೇಳಿಗೆಯ ಗರ್ಭಿಣಿ ಮಳೆಯ ರಾತ್ರಿಯಲ್ಲಿ ತೀರ್ಥಹಳ್ಳಿ ದಾಟಿ ಮುಂದೆ ಹೋಗಬೇಕಾದ ಪ್ರಸಂಗಗಳು ಖಂಡಿತವಾಗಿಯೂ ಕಡಿಮೆಯಾಗುತ್ತವೆ.