ಮನಃಕ್ಲೇಶವೂ ಅಂಗಸಾಧನೆಯೂ

ನಮ್ಮ ನಗರಗಳ ವಿದ್ಯಾವಂತ ವರ್ಗದ ಬಾಧೆಗಳಲ್ಲಿ ಚಿಂತೆಯೇ ಮೊದಲನೆಯದೆಂದರೆ ಅತಿಶಯೋಕ್ತಿಯಾಗಲಾರದು. ಬೆಳಗಿನಿಂದ ಬೈಗಿನವರೆಗೆ ಕುರ್ಚಿಯನ್ನು ಬಿಡದೆ ಕಡತಗಳನ್ನೂ ಗಣಕಯಂತ್ರವನ್ನೂ ನೋಡುತ್ತಿದ್ದ ಅಧಿಕಾರಿಯಾಗಲಿ ಗುಮಾಸ್ತನಾಗಲಿ ಮನೆಗೆ ಮರಳುವಾಗ ಮೈ ದಣಿದಿರುವುದಿಲ್ಲ, ಮನಸ್ಸು ಮಾತ್ರ ಸೋತಿರುತ್ತದೆ. ಊಟ ರುಚಿಸದು, ನಿದ್ರೆ ಬಾರದು. ಮೇಲಧಿಕಾರಿಯ ಮೇಲಿನ ಸಿಟ್ಟು ಮಕ್ಕಳ ಮೇಲೆ ತಿರುಗುವುದು. ವಿಶ್ರಾಂತಿಯೇ ಇದಕ್ಕೆ ಪರಿಹಾರವೆಂದು ಹಲವರು ಬಗೆದಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಇಂಥವರಿಗೆ ಬೇಕಾದುದು ಇನ್ನಷ್ಟು ಕುಳಿತಿರುವುದಲ್ಲ, ಅಂಗಸಾಧನೆ.

ಇದಕ್ಕೆ ಕಾರಣವನ್ನು ಶರೀರಶಾಸ್ತ್ರವು ಸ್ಪಷ್ಟವಾಗಿ ತಿಳಿಸುತ್ತದೆ. ಭಯವಾಗಲಿ ಕೋಪವಾಗಲಿ ಉಂಟಾದೊಡನೆ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುವುದು, ಸ್ನಾಯುಗಳು ಬಿಗಿಯುವುವು, ರಕ್ತದಲ್ಲಿ ಸಕ್ಕರೆ ಹೆಚ್ಚುವುದು. ಹುಲಿಯನ್ನು ಕಂಡವನು ಓಡಲು ಇಲ್ಲವೆ ಹೋರಾಡಲು ಪ್ರಕೃತಿಯು ಮಾಡಿಟ್ಟ ಸಿದ್ಧತೆಯಿದು. ಆದರೆ ಕಟುವಾದ ಸರ್ಕಾರಿ ಪತ್ರವನ್ನು ಓದಿದ ಗುಮಾಸ್ತನು ಓಡುವಂತೆಯೂ ಇಲ್ಲ, ಹೋರಾಡುವಂತೆಯೂ ಇಲ್ಲ. ಆ ಸಿದ್ಧತೆಯು ವೆಚ್ಚವಾಗದೆ ಮೈಯಲ್ಲಿಯೇ ನಿಂತು ಪೀಡಿಸುವುದು. ನಡಿಗೆ, ಓಟ, ಈಜು, ಸಾಮು ಇವು ಅದಕ್ಕೆ ದಾರಿ ಮಾಡಿಕೊಡುತ್ತವೆ. ಬಿಗಿದ ಸ್ನಾಯು ದುಡಿದು ಸಡಿಲುವುದು, ನಿದ್ರೆ ಗಾಢವಾಗುವುದು, ಚೆನ್ನಾಗಿ ನಿದ್ರಿಸಿದವನಿಗೆ ನಿನ್ನೆಯ ಕಷ್ಟವು ಅರ್ಧವಾಗಿ ಕಾಣುವುದು.

ಇದು ಬರಿಯ ಊಹೆಯಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ವಿದ್ವಾಂಸರು 1999ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಖಿನ್ನತೆಯ ರೋಗದಿಂದ ನರಳುತ್ತಿದ್ದ 156 ಮಂದಿ ಹಿರಿಯ ವಯಸ್ಕರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಔಷಧವನ್ನೂ, ಒಂದಕ್ಕೆ ವಾರಕ್ಕೆ ಮೂರು ಸಲ ವ್ಯಾಯಾಮವನ್ನೂ, ಇನ್ನೊಂದಕ್ಕೆ ಎರಡನ್ನೂ ವಿಧಿಸಿದರು. ಮೊದಮೊದಲು ಔಷಧವು ಬೇಗ ಗುಣ ತೋರಿತು. 16 ವಾರಗಳ ಕೊನೆಗೆ ಮೂರು ಗುಂಪುಗಳೂ ಬಹುಮಟ್ಟಿಗೆ ಸಮವಾಗಿ ಚೇತರಿಸಿದ್ದುವು. ವೈದ್ಯನನ್ನು ತ್ಯಜಿಸಿ ಗರಡಿಗೆ ಹೋಗಿರೆಂದು ಇದರ ಅರ್ಥವಲ್ಲ. ರೋಗವು ಬಲಿತವರು ವೈದ್ಯರನ್ನು ಕಾಣಲೇಬೇಕು. ಹಾಗೆ ಕಾಣುವುದರಲ್ಲಿ ನಾಚಿಕೆಯೂ ಸಲ್ಲದು.

ಈ ವಿದ್ಯೆಯನ್ನು ಕಲಿಯಲು ನಾವು ಸಮುದ್ರವನ್ನು ದಾಟಬೇಕಾಗಿಲ್ಲ. ಕೆಮ್ಮಣ್ಣಿನ ಗರಡಿಗಳು ಮೈಸೂರಿನ ಹಳೆಯ ಸ್ವತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ಪ್ರಕಟವಾದ ತಮ್ಮ 'ಯೋಗ ಮಕರಂದ'ವನ್ನು ಕನ್ನಡದಲ್ಲಿಯೇ ಬರೆದರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರೇ 'ಶಾಂತಲಾ' ಕಾದಂಬರಿಯ ಕರ್ತೃಗಳೂ ಆಗಿದ್ದರು. ಓದುಬರಹ ಬಲ್ಲವನಿಗೆ ಮೈ ಬಗ್ಗಿಸುವುದು ತಕ್ಕುದಲ್ಲವೆಂಬ ಹುಸಿ ಗೌರವಕ್ಕೆ ಇದಕ್ಕಿಂತ ತಕ್ಕ ಉತ್ತರವುಂಟೆ?

ಹೊತ್ತಿಲ್ಲವೆಂಬುದು ಇನ್ನೊಂದು ನೆಪ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ಸೂಚಿಸಿದುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ. ದಿನಕ್ಕೆ 22 ನಿಮಿಷವೂ ತುಂಬದು. ಚುರುಕಾದ ನಡಿಗೆಯೂ ಈ ಲೆಕ್ಕಕ್ಕೆ ಸಲ್ಲುತ್ತದೆ. ಆದರೆ ನಡೆಯಲು ಕಾಲುದಾರಿ ಬೇಕು, ಆಡಲು ಬಯಲು ಬೇಕು, ಹೆಣ್ಣುಮಕ್ಕಳು ನಿರ್ಭಯವಾಗಿ ಬರುವಂಥ ಸ್ಥಳ ಬೇಕು. ಇವನ್ನು ಒದಗಿಸುವುದು ಪುರಸಭೆಗಳ ಹೊಣೆ. ನೌಕರರನ್ನು ಹೊತ್ತಿಗೆ ಸರಿಯಾಗಿ ಮನೆಗೆ ಕಳುಹಿಸುವುದು ಮೇಲಧಿಕಾರಿಗಳ ಹೊಣೆ.

ಸಾಲವೂ ಅನ್ಯಾಯವೂ ದಂಡ ಬಸ್ಕಿಗಳಿಂದ ತೀರಲಾರವೆಂಬುದನ್ನು ನಾವು ಬಲ್ಲೆವು. ಅವನ್ನು ಎದುರಿಸುವ ಎದೆಯಾದರೂ ಅವುಗಳಿಂದ ಗಟ್ಟಿಯಾಗುವುದು. 1947ರಲ್ಲಿ ಗಳಿಸಿದ ಸ್ವಾತಂತ್ರ್ಯವನ್ನು ಕುಗ್ಗಿದ ಮನಸ್ಸಿನ ಜನರು ಕಾಪಾಡಲಾರರು. ನಾಡಿನ ಉತ್ಸಾಹವು ಮನೆಮನೆಯ ಉತ್ಸಾಹದಿಂದಲೇ ಕೂಡಿಬರಬೇಕಾಗಿದೆ.