ನಿಮಗಿದು ಗೊತ್ತೇ? ಡಾನ್ಸ್ ಕ್ಲಾಸಿಗೆ ಯಾವ ಬಟ್ಟೆ, ಯಾಕೆ?

ಭರತನಾಟ್ಯದ ಮಕ್ಕಳಿಗೆ ಪ್ರಾಕ್ಟೀಸ್ ಸೀರೆಯನ್ನು ಮೊಣಕಾಲಿನಿಂದ ಸ್ವಲ್ಪವೇ ಕೆಳಗೆ ಬರುವಂತೆ ಉಡಿಸಿ, ಒಳಗೆ ಪೈಜಾಮ ಹಾಕಿಸುತ್ತಾರೆ. ಬಟ್ಟೆ ಸಾಲದೆ ಅಲ್ಲ! ಅರೆಮಂಡಿ, ಅಂದರೆ ಮೊಣಕಾಲು ಮಡಚಿ ಅರ್ಧ ಕೂರುವ ಭಂಗಿಯಲ್ಲಿ ಮಗುವಿನ ಮೊಣಕಾಲು ಪಕ್ಕಕ್ಕೆ ತೆರೆದಿದೆಯೋ, ಮುಂದಕ್ಕೆ ವಾಲಿದೆಯೋ ಎಂಬುದು ಟೀಚರ್ ಕಣ್ಣಿಗೆ ಬೀಳಬೇಕು. ವಾಲಿದ ಮೊಣಕಾಲಿನಲ್ಲೇ ವರ್ಷಗಟ್ಟಲೆ ತಟ್ಟಡವು, ಅಂದರೆ ನೆಲ ತಟ್ಟುವ ಹೆಜ್ಜೆ, ಹಾಕಿದರೆ ಪೆಟ್ಟೆಲ್ಲ ಕೀಲಿಗೆ. ದೊಗಲೆ ಪಟಿಯಾಲ ಪ್ಯಾಂಟಿನೊಳಗೆ ಈ ತಪ್ಪು ಆರಾಮಾಗಿ ಬಚ್ಚಿಟ್ಟುಕೊಳ್ಳುತ್ತದೆ.

18ನೇ ಶತಮಾನದ ಪ್ಯಾರಿಸ್‌ನಲ್ಲಿ ಮರಿ ಕಮಾರ್ಗೋ ಎಂಬ ನರ್ತಕಿಯೂ ಇದೇ ಕಾರಣಕ್ಕೆ ಲಂಗದ ಅಂಚನ್ನು ಮೇಲಕ್ಕೆತ್ತಿಸಿದಳು. ಚುರುಕಾದ ಹೆಜ್ಜೆಗಾರಿಕೆ ಜನರಿಗೆ ಕಾಣದಿದ್ದರೆ ಕುಣಿದು ಏನು ಫಲ? ಕಂಡದ್ದು ಪಾದದ ಗಂಟಿನ ಮೇಲಿನ ಸ್ವಲ್ಪ ಕಾಲು ಅಷ್ಟೇ. ಊರೆಲ್ಲ ಗುಲ್ಲೋ ಗುಲ್ಲು.

ಚೂಡಿದಾರದ ವೇಲನ್ನು ಒಂದು ಹೆಗಲಿನಿಂದ ಅಡ್ಡಲಾಗಿ ತಂದು ಸೊಂಟದಲ್ಲಿ ಗಂಟು ಹಾಕುವುದು ಚೆಂದಕ್ಕಷ್ಟೇ ಅಲ್ಲ. ಕುಣಿಯುವಾಗ ನಡು ಆಚೀಚೆ ಬಾಗಿದರೆ ಆ ಗಂಟೂ ಓರೆಯಾಗಿ ಚಾಡಿ ಹೇಳುತ್ತದೆ. ಇಳಿಬಿಟ್ಟ ವೇಲಾದರೆ ಪಕ್ಕದ ಮಗುವಿನ ಕಾಲಿಗೆ ಸಿಕ್ಕುತ್ತದೆ. ಹೆಸರಾಂತ ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಸತ್ತದ್ದು ಉದ್ದನೆಯ ಶಾಲಿನಿಂದಲೇ. ಅದು ವೇದಿಕೆಯ ಮೇಲಲ್ಲ, ಕಾರಿನ ಚಕ್ರಕ್ಕೆ ಶಾಲು ಸುತ್ತಿಕೊಂಡು.

ಹತ್ತಿಯೇ ಯಾಕೆ? ಬೆವರು ಹೀರುತ್ತದೆ, ಅಷ್ಟೇ. ನೈಲಾನ್, ಸ್ಯಾಟಿನ್ ಮೈಗಂಟಿ ಕಡಿತ ಎಬ್ಬಿಸುತ್ತವೆ. ನೇಯ್ಗೆ ನಮ್ಮ ಸೀಮೆಯಲ್ಲೇ ಉಂಟು: ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲ ನೇಕಾರರ ಊರು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿ ಅವರು ಕಟ್ಟಿದ ಜನಪದ ಸೇವಾ ಟ್ರಸ್ಟ್ ಖಾದಿ ನೇಯಿಸುತ್ತದೆ. ಇಂಥ ಸೀಮೆಯ ಮಗು ಏಪ್ರಿಲ್ ಬಿಸಿಲಲ್ಲಿ ಪಾಲಿಯೆಸ್ಟರ್ ತೊಟ್ಟು ಕುಣಿಯುವುದು ನನಗಂತೂ ಸರಿಕಾಣದು.

ಜೀನ್ಸ್ ಹಾಕಿ ಅರೆಮಂಡಿ ಕೂರಲು ಒಮ್ಮೆ ನೀವೇ ಯತ್ನಿಸಿ ನೋಡಿ. ಹುಡುಗರಿಗೆ ಪೈಜಾಮ, ಮೊಣಕಾಲು ದಾಟದ ಕುರ್ತಾ, ಸೊಂಟಕ್ಕೊಂದು ವಲ್ಲಿ ಸಾಕು.

ಇನ್ನು ಒಡವೆಯ ಮಾತು. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿ ಎಂದರೆ ನಮಗೆಲ್ಲ ಕವಿ ಕೆ.ಎಸ್. ನರಸಿಂಹಸ್ವಾಮಿಯವರ ನೆನಪು. ಅಲ್ಲಿನ ಬ್ರಹ್ಮೇಶ್ವರ ದೇವಾಲಯ 1171ರದು, ಹೊಯ್ಸಳರ ಕಾಲದ್ದು. ಅಲ್ಲಿನ ಮದನಿಕೆಯರ ಮೈತುಂಬ ಒಡವೆ. ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಗೋಡೆಗಳಲ್ಲೂ ಒಡವೆಗಳಿಗೇನೂ ಬರವಿಲ್ಲ. ಕಲ್ಲಿನ ಸುಂದರಿಯರಿಗೆ ಬಳೆ ಒಡೆಯುವ ಭಯವಿಲ್ಲ. ನಮ್ಮ ಮಕ್ಕಳಿಗೆ ಇದೆ: ಕೋಲಾಟದಲ್ಲಿ ಎದುರಿನವರ ಕೋಲು ತಗುಲಿದರೆ ಗಾಜಿನ ಬಳೆ ಚೂರಾಗಿ ಮಣಿಕಟ್ಟನ್ನೇ ಕುಯ್ಯುತ್ತದೆ. ಜೋಲುವ ಜುಮುಕಿಯೂ ವೇಲಿನ ದಾರಕ್ಕೆ ಸಿಕ್ಕಿ ಕಿವಿ ಹರಿದೀತು. ಎರಡನ್ನೂ ಮನೆಯಲ್ಲೇ ಬಿಚ್ಚಿಡಿ.

ನಾಟ್ಯಶಾಸ್ತ್ರ ಹೇಳುವ ಅಭಿನಯ ನಾಲ್ಕು: ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ. ಉಡುಗೆ ತೊಡುಗೆ ಸೇರುವುದು ಆಹಾರ್ಯಕ್ಕೆ. ಹೊಸದಾಗಿ ಸೇರಿದ ಮಗು ಕಲಿಯುತ್ತಿರುವುದು ಆಂಗಿಕವನ್ನು, ಅಂದರೆ ಮೈಯ ಚಲನೆಯನ್ನು. ಮೊದಲ ತಿಂಗಳೇ ಜರಿ ಕಾಸ್ಟ್ಯೂಮ್ ಹೊಲಿಸುವ ತಂದೆತಾಯಿ ಸ್ವಲ್ಪ ತಾಳಿಕೊಳ್ಳಲಿ.

ಅಂದಹಾಗೆ, ನಡುವೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ನೆರಿಗೆಯ, ಹೊಲಿದ ಕಾಸ್ಟ್ಯೂಮ್ ಬಲು ಹಳೆಯದೇನಲ್ಲ. 1930ರ ದಶಕದಲ್ಲಿ ಭರತನಾಟ್ಯ ಕಲಾವಿದೆ ರುಕ್ಮಿಣಿ ದೇವಿಯವರು ಮೇಡಂ ಕಜಾನ್ ಎಂಬ ಇಟಲಿಯ ಹೊಲಿಗೆಗಾರ್ತಿಯ ನೆರವಿನಿಂದ ರೂಪಿಸಿದ ಉಡುಗೆಗಳಿಂದ ಈ ಪದ್ಧತಿ ಹಬ್ಬಿತು. ಅದಕ್ಕೂ ಮೊದಲು ಮೈಸೂರು ಅರಮನೆಯಲ್ಲಿ ಜಟ್ಟಿ ತಾಯಮ್ಮನವರಂಥವರು ಸೀರೆಯುಟ್ಟೇ ಕುಣಿದರು. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರಿಗೆ 1992ರಲ್ಲಿ ಪದ್ಮಭೂಷಣ ಬಂತು.

ಗೆಜ್ಜೆ ಎಂದರೆ ಮಕ್ಕಳಿಗೆ ಪಂಚಪ್ರಾಣ, ಆದರೂ ಗುರುಗಳು ತಕ್ಷಣ ಕೊಡುವುದಿಲ್ಲ. ಬರಿಗಾಲಿನ ಸಪ್ಪಳದಲ್ಲಿ ಒಂದು ಹೆಜ್ಜೆ ತಡವಾದರೂ ಕಿವಿಗೆ ಸಿಗುತ್ತದೆ. ಹತ್ತು ಮಕ್ಕಳು ಗೆಜ್ಜೆ ಕಟ್ಟಿದರೆ ಘಲ್‌ಘಲ್ ಸದ್ದಿನಲ್ಲಿ ಎಲ್ಲರ ತಪ್ಪೂ ಮುಚ್ಚಿಹೋಗುತ್ತದೆ. ಎಳೆಯ ಕಾಲಿಗೆ ಭಾರ ಬೇರೆ. ಅದಕ್ಕೇ ಅಡವುಗಳು, ಅಂದರೆ ಮೂಲ ಹೆಜ್ಜೆಗಳು, ಕೈಗೂಡಿದ ಮೇಲೆ ಮೊದಲ ಸಲ ಗೆಜ್ಜೆ ಕಟ್ಟುವ ಗೆಜ್ಜೆಪೂಜೆ. ಈಗ ಚರ್ಮದ ಪಟ್ಟಿಗೆ ಹೊಲಿದ ಗೆಜ್ಜೆಯೇ ಹೆಚ್ಚು. ಹಳೆಯ ನೃತ್ಯಗ್ರಂಥ ಅಭಿನಯದರ್ಪಣ ಹೇಳುವುದು ನೀಲಿ ದಾರದಲ್ಲಿ ಗಂಟು ಹಾಕಿ ಪೋಣಿಸಿದ ಕಂಚಿನ ಗೆಜ್ಜೆಯನ್ನು.

ಭರತನಾಟ್ಯಕ್ಕೆ ಬರಿಗಾಲು. ಪಾದ ಪೂರ್ತಿ ನೆಲಕ್ಕೆ ಬಡಿದರೇ ತಟ್ಟಡವು. ಸಿನಿಮಾ ಹಾಡಿನ ಡಾನ್ಸಿಗೆ ಶೂ ಬೇಕೆಂದರೆ ಚಪ್ಪಟೆ ತಳದ ಹಗುರ ಶೂ ಇರಲಿ, ಅದನ್ನು ಬೀದಿಗೆ ಹಾಕಬೇಡಿ. ತಳಕ್ಕೆ ಅಂಟಿದ ಮರಳು ಹಾಲ್‌ನ ನೆಲವನ್ನೆಲ್ಲ ಜಾರಿಸುತ್ತದೆ. ಟೈಲ್ಸ್ ಮೇಲೆ ಬರೀ ಸಾಕ್ಸ್ ಮಾತ್ರ ಬೇಡವೇ ಬೇಡ.

ನಾಗಮಂಗಲದ ಕಡೆಯ ಪೂಜಾ ಕುಣಿತದವರನ್ನು ಗಮನಿಸಿದ್ದೀರಾ? ತಲೆಯ ಮೇಲೆ ‘ಪೂಜೆ’ ಎಂಬ ದೇವಿಯ ಚೌಕಟ್ಟು ಹೊತ್ತವರು ನಡುವಿಗೆ ವಸ್ತ್ರ ಬಿಗಿದೇ ಕಣಕ್ಕಿಳಿಯುತ್ತಾರೆ. ಬೀಸು ಕಂಸಾಳೆಯವರೂ ಅಷ್ಟೇ, ಕೈಯ ತಾಳ ಬೀಸುವಾಗ ತೊಡರುವಂಥದ್ದನ್ನು ಮೈಮೇಲೆ ಇಳಿಬಿಡುವುದಿಲ್ಲ. ಯಾವ ಡಾನ್ಸ್ ಸ್ಕೂಲೂ ಅವರಿಗಿದನ್ನು ಹೇಳಿಕೊಡಲಿಲ್ಲ.

ಬಿಚ್ಚುಗೂದಲು ಕಣ್ಣಿಗೆ ಬಿದ್ದರೆ ಮಗು ಪದೇಪದೇ ಕೈಯಲ್ಲಿ ಸರಿಸುತ್ತದೆ, ಹಸ್ತಮುದ್ರೆ ಅಲ್ಲಿಗೇ ಮುಗಿಯಿತು. ಬಿಗಿಯಾದ ಒಂದು ಜಡೆ ಹಾಕಿ. ನೆಲದ ಮೇಲೆ ಉರುಳುವ ಹೆಜ್ಜೆಗಳಿದ್ದರೆ ತಲೆಯ ಹಿಂಭಾಗಕ್ಕೆ ಗಟ್ಟಿ ಕ್ಲಿಪ್ ಬೇಡ.

ಶ್ರೀರಂಗಪಟ್ಟಣ ದಸರಾ ಹತ್ತಿರವಾದಂತೆ ಗುಂಪು ನೃತ್ಯದ ಅಭ್ಯಾಸ ಜೋರು. ವೇದಿಕೆಯ ಉಡುಗೆಯನ್ನು ಕಾರ್ಯಕ್ರಮದ ದಿನವೇ ಮೊದಲ ಸಲ ತೊಡಿಸಬೇಡಿ. ಒಂದೆರಡು ದಿನ ಮುಂಚೆ ಪೂರ್ತಿ ಉಡುಗೆಯಲ್ಲಿ ಕುಣಿಸಿದರೆ ಎಲ್ಲಿ ಚುಚ್ಚುತ್ತದೆ, ಎಲ್ಲಿ ಜಾರುತ್ತದೆ ಎಂದು ತಿಳಿಯುತ್ತದೆ. ಪಿನ್ ಚುಚ್ಚುವ ಕಡೆಯೆಲ್ಲ ನಾಲ್ಕು ಹೊಲಿಗೆ ಹಾಕಿಬಿಡಿ.

‘ಮುಂದಿನ ವರ್ಷಕ್ಕೂ ಆಗಲಿ’ ಎಂದು ಎರಡು ಸೈಜ್ ದೊಡ್ಡ ಪೈಜಾಮ ತರುವುದು ನಮ್ಮೆಲ್ಲರ ಮನೆಯ ವಾಡಿಕೆ. ತನ್ನಿ, ಬೇಡ ಅನ್ನುವುದಿಲ್ಲ. ಆದರೆ ಹೆಚ್ಚಾದ ಉದ್ದವನ್ನು ಒಳಮಡಚಿ ಕೈಹೊಲಿಗೆ ಹಾಕಿ ಕಳಿಸಿ. ಬರೀ ಸುರುಳಿ ಸುತ್ತಿದ ಪೈಜಾಮ ಮೂರನೇ ಅಡವಿಗೆ ಬಿಚ್ಚಿಕೊಂಡು ಹಿಮ್ಮಡಿಯ ಕೆಳಗೆ ಬಂದಿರುತ್ತದೆ.